ದಂತಧಾವನವೂ ಮನೋಧರ್ಮವೂ

ಮಲೆನಾಡಿನ ಕಡೆಯ ವಾಚಕಿಯೊಬ್ಬರು ನಮಗೊಂದು ಪತ್ರವನ್ನು ಬರೆದಿರುವರು. ಅವರ ಮಗನಿಗೆ ಈಗ ಆರು ವರ್ಷ ತುಂಬಿದೆ. ಬೆಳಗ್ಗೆ ಹಲ್ಲುಜ್ಜುವುದಕ್ಕೆ ಅವನ ತಕರಾರು ಅಷ್ಟಾಗಿ ಇಲ್ಲ. ರಾತ್ರಿಯಾದರೆ ಮಾತ್ರ ಬಚ್ಚಲಿನ ಕಡೆಗೆ ಹೆಜ್ಜೆಯಿಡಲೊಲ್ಲ. ಅಜ್ಜಿಯು ಕೊಡುವ ಸಕ್ಕರೆಯ ಹಾಲನ್ನು ಹಾಸಿಗೆಯಲ್ಲಿಯೇ ಕುಡಿದು ಹಾಗೆಯೇ ನಿದ್ದೆಹೋಗುವನು. ಎರಡು ದವಡೆಹಲ್ಲುಗಳು ಆಗಲೇ ಹುಳುಕಾಗಿವೆ. ಒಂದು ರಾತ್ರಿಯೆಲ್ಲ ನೋವಿನಿಂದ ಅತ್ತದ್ದೂ ಆಗಿದೆ. ಹೀಗಿರಲು, ಕೊಳೆತ ಹಲ್ಲುಗಳ ಚಿತ್ರಗಳನ್ನು ತೋರಿಸಿ, ದಂತವೈದ್ಯರ ಇಕ್ಕಳದ ಹೆಸರು ಹೇಳಿ ಹುಡುಗನನ್ನು ಚೆನ್ನಾಗಿ ಹೆದರಿಸಿದರೆ ದಾರಿಗೆ ಬಂದಾನೆಯೇ ಎಂಬುದು ಆ ತಾಯಿಯ ಪ್ರಶ್ನೆ. ಈ ವಿಷಯವಾಗಿ ಅವರ ಮನೆಯಲ್ಲಿ ಎರಡು ಪಕ್ಷಗಳುಂಟಂತೆ. ಹೆದರಿಸಿದಲ್ಲದೆ ಆಗದೆಂಬುದು ತಂದೆಯ ಪಕ್ಷ. ಹಾಲುಹಲ್ಲು ಹೇಗಿದ್ದರೂ ಬಿದ್ದುಹೋಗತಕ್ಕದ್ದೇ, ಅದಕ್ಕೇಕೆ ಇಷ್ಟು ರಂಪವೆಂಬುದು ಅಜ್ಜಿಯ ಪಕ್ಷ.

ಅಜ್ಜಿಯವರ ಪಕ್ಷವನ್ನು ಮೊದಲು ವಿಚಾರಿಸಿಬಿಡೋಣ; ಅದು ಬೇಗನೆ ಮುಗಿಯತಕ್ಕದ್ದು. ಹಾಲುಹಲ್ಲುಗಳು ಬೀಳುವುದು ನಿಜವೇ. ಆದರೆ ದವಡೆಯ ಹಾಲುಹಲ್ಲುಗಳು ಬೀಳುವುದು ಹತ್ತು ಹನ್ನೆರಡನೆಯ ವಯಸ್ಸಿನ ಸುಮಾರಿಗೆ. ಅಲ್ಲಿಯವರೆಗೆ ಮಗುವು ಅನ್ನವನ್ನು ಅಗಿಯಬೇಕಾದದ್ದು ಅವುಗಳಿಂದಲೇ. ಮುಂದೆ ಬರುವ ಹಲ್ಲಿಗೆ ಸ್ಥಳವನ್ನು ಕಾದಿರಿಸುವುವೂ ಅವೇ. ಇದಲ್ಲದೆ, ಆರನೆಯ ವರ್ಷದ ಸುಮಾರಿಗೆ, ಯಾವ ಹಲ್ಲೂ ಬೀಳದೆಯೇ, ಹಾಲುಹಲ್ಲುಗಳ ಸಾಲಿನ ಹಿಂದುಗಡೆ ಒಂದು ದೊಡ್ಡ ದವಡೆಹಲ್ಲು ಸದ್ದಿಲ್ಲದೆ ಮೂಡುವುದು. ಇದನ್ನೂ ಹಾಲುಹಲ್ಲೆಂದೇ ಬಗೆದು ಉಪೇಕ್ಷಿಸುವ ತಾಯಿತಂದೆಗಳು ಅನೇಕರು. ಅದು ಹಾಲುಹಲ್ಲಲ್ಲ, ಜೀವಮಾನಪರ್ಯಂತ ಇರಬೇಕಾದ ಹಲ್ಲು, ಹೋದರೆ ಮತ್ತೊಂದು ಹುಟ್ಟದು. ನಮ್ಮ ವಾಚಕಿಯ ಮಗನಿಗೆ ಸರಿಯಾಗಿ ಈ ವಯಸ್ಸೇ ಆಗಿರುವುದರಿಂದ, ಹುಳುಕಾದ ಹಲ್ಲುಗಳನ್ನು ತಡಮಾಡದೆ ದಂತವೈದ್ಯರಿಗೆ ತೋರಿಸತಕ್ಕದ್ದು. ಆ ಕೆಲಸವನ್ನು ಉಪದೇಶವಾಗಲಿ ಮನಶ್ಶಾಸ್ತ್ರವಾಗಲಿ ಮಾಡಲಾರದು.

ಇನ್ನು ತಂದೆಯವರ ಪಕ್ಷ. ಇದಕ್ಕೆ ಸ್ವಲ್ಪ ಹೆಚ್ಚು ಅವಕಾಶವನ್ನು ಕೊಡಬೇಕಾಗಿದೆ. ಏಕೆಂದರೆ ನಮ್ಮ ದೇಶದ ಹಿರಿಯರಲ್ಲಿ ಬಹುಮಂದಿ ಈ ಪಕ್ಷದವರೇ. ಊಟಮಾಡದ ಮಗುವಿಗೆ ಗುಮ್ಮ, ನಿದ್ದೆಮಾಡದ ಮಗುವಿಗೆ ಬೂಚಿ, ಹಟಮಾಡುವ ಮಗುವಿಗೆ ಡಾಕ್ಟರ ಸೂಜಿ, ಇವು ನಮ್ಮ ಮನೆಗಳ ಪರಂಪರಾಗತ ಆಯುಧಗಳು. ತತ್ಕಾಲಕ್ಕೆ ಇವು ಫಲಿಸುವುದನ್ನು ಕಂಡು ನಾವು ಇವುಗಳನ್ನು ನಂಬುತ್ತೇವೆ. ಗುಮ್ಮನ ಹೆಸರು ಕೇಳಿ ಒಂದು ತುತ್ತನ್ನು ನುಂಗಿದ ಮಗುವಿಗೆ ಊಟದ ಮೇಲೆ ಪ್ರೀತಿ ಹುಟ್ಟಿತೇ ಎಂದು ಯಾರೂ ವಿಚಾರಿಸುವುದಿಲ್ಲ.

ಮೊದಲು ಒಂದು ಮಾತನ್ನು ಒಪ್ಪಿಕೊಳ್ಳಬೇಕು. ಹಲ್ಲಿನ ವಿಷಯದಲ್ಲಿ ಜನರಿಗೆ ಇರುವ ಕೊರತೆಯು ಜ್ಞಾನದ್ದಲ್ಲ. ಹಲ್ಲುಗಳನ್ನು ದಿನಕ್ಕೆ ಎಷ್ಟು ಸಲ ಉಜ್ಜಬೇಕೆಂಬ ಪ್ರಶ್ನೆಗೆ ‘ಎರಡು ಸಲ’ ಎಂದು ಉತ್ತರಿಸದ ವಿದ್ಯಾರ್ಥಿಯನ್ನು ನಮ್ಮ ಮೂವತ್ತೈದು ವರ್ಷಗಳ ಉಪಾಧ್ಯಾಯವೃತ್ತಿಯಲ್ಲಿ ನಾವು ಕಂಡದ್ದಿಲ್ಲ. ಪೂರ್ಣಾಂಕಗಳನ್ನು ಪಡೆದ ಆ ಉತ್ತರಪತ್ರಿಕೆಗಳನ್ನು ಹಿಂದಿರುಗಿಸುವಾಗ ಸಂತೋಷದಿಂದ ಅರಳಿದ ಬಾಯಿಗಳಲ್ಲಿ ಎಷ್ಟೋ ಬಾಯಿಗಳು ತಮ್ಮ ಉತ್ತರವನ್ನು ತಾವೇ ಖಂಡಿಸುತ್ತಿದ್ದುವು. ಉಪಾಧ್ಯಾಯರ ಕೊಠಡಿಯಲ್ಲಿದ್ದ ಬಾಯಿಗಳ ಮಾತನ್ನು ಇಲ್ಲಿ ಎತ್ತುವುದು ಬೇಡ. ತಿಳಿವಿಗೂ ನಡತೆಗೂ ನಡುವೆ ಒಂದು ಹಳ್ಳವಿದೆ. ಅದನ್ನು ದಾಟಿಸುವ ಸೇತುವೆ ಯಾವುದೆಂಬುದೇ ಪ್ರಕೃತ ವಿಚಾರ. ಭಯವು ಆ ಸೇತುವೆಯಾಗಬಲ್ಲುದೇ?

ಸರಿಯಾಗಿ ಈ ಪ್ರಶ್ನೆಯನ್ನೇ, ಅದರಲ್ಲಿಯೂ ಹಲ್ಲುಗಳ ವಿಷಯವನ್ನೇ ಹಿಡಿದು, ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಇರ್ವಿಂಗ್ ಜಾನಿಸ್, ಸೇಮೂರ್ ಫೆಷ್‌ಬಾಕ್ ಎಂಬಿಬ್ಬರು ಮನಶ್ಶಾಸ್ತ್ರಜ್ಞರು ಒಂದು ಪರೀಕ್ಷೆಯನ್ನು ನಡೆಸಿ, ಅದರ ಫಲವನ್ನು ೧೯೫೩ರಲ್ಲಿ ಪ್ರಕಟಿಸಿದರು. ಕನೆಕ್ಟಿಕಟ್ ಸಂಸ್ಥಾನದ ಒಂದು ಪ್ರೌಢಶಾಲೆಯ ವಿದ್ಯಾರ್ಥಿಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಮೂರು ಗುಂಪುಗಳಿಗೆ ದಂತರಕ್ಷಣೆಯ ಮೇಲೆ ಹದಿನೈದು ನಿಮಿಷಗಳ ಸಚಿತ್ರ ಉಪನ್ಯಾಸವನ್ನು ಮಾಡಿಸಿದರು. ಹಲ್ಲನ್ನು ಹೇಗೆ ಉಜ್ಜಬೇಕು, ಯಾವಾಗ ಉಜ್ಜಬೇಕು ಎಂಬ ಉಪದೇಶವು ಮೂರರಲ್ಲಿಯೂ ಒಂದೇ. ವ್ಯತ್ಯಾಸವಿದ್ದುದು ಬೆದರಿಕೆಯ ಪ್ರಮಾಣದಲ್ಲಿ. ಮೊದಲನೆಯ ಗುಂಪಿಗೆ ಕೊಳೆತ ಬಾಯಿಗಳ ಚಿತ್ರಗಳನ್ನು ಕಣ್ಣಿಗೆ ರಾಚುವಂತೆ ತೋರಿಸಿ, ಹಲ್ಲು ಕೀಳಿಸಿಕೊಳ್ಳುವ ಯಾತನೆಯನ್ನು ವರ್ಣಿಸಿ, ಅಲಕ್ಷ್ಯಮಾಡಿದರೆ ಕುರುಡುತನ ಪಾರ್ಶ್ವವಾಯುಗಳವರೆಗೂ ಹೋಗಬಹುದೆಂದು ಹೆದರಿಸಿದರು. ಎರಡನೆಯ ಗುಂಪಿಗೆ ಮಧ್ಯಮ ಪ್ರಮಾಣದ ಭಯ. ಮೂರನೆಯ ಗುಂಪಿಗೆ ಭಯದ ಮಾತು ಅತ್ಯಲ್ಪ. ಚಿತ್ರಗಳೂ ಬಹುಮಟ್ಟಿಗೆ ಆರೋಗ್ಯವಾದ ಹಲ್ಲುಗಳವೇ. ನಾಲ್ಕನೆಯ ಗುಂಪಿನವರು ಹಲ್ಲಿನ ಮಾತನ್ನೇ ಕೇಳದೆ, ಕಣ್ಣಿನ ರಚನೆಯ ಮೇಲೆ ಒಂದು ಪಾಠವನ್ನು ಕೇಳಿ ಎದ್ದುಹೋದರು.

ಉಪನ್ಯಾಸವು ಮುಗಿದ ಕೂಡಲೆ ವಿಚಾರಿಸಿದಾಗ, ಅತಿಯಾಗಿ ಹೆದರಿದವರೇ ಉಪನ್ಯಾಸವನ್ನು ಹೆಚ್ಚಾಗಿ ಹೊಗಳಿದರು. ಹಲ್ಲಿನ ಚಿಂತೆಯು ಅವರನ್ನೇ ಹೆಚ್ಚಾಗಿ ಕಾಡುತ್ತಿದ್ದಿತು. ಅಲ್ಲಿಗೇ ನಿಲ್ಲಿಸಿದ್ದರೆ ತಂದೆಯವರ ಪಕ್ಷವೇ ಗೆದ್ದಂತಾಗುತ್ತಿತ್ತು. ಆದರೆ ಒಂದು ವಾರದ ತರುವಾಯ, ಯಾರು ಯಾರು ತಮ್ಮ ಅಭ್ಯಾಸವನ್ನು ತಿದ್ದಿಕೊಂಡರೆಂದು ಕೇಳಿ, ತಿದ್ದಿಕೊಂಡವರ ಲೆಕ್ಕದಿಂದ ಕೆಡಿಸಿಕೊಂಡವರ ಲೆಕ್ಕವನ್ನು ಕಳೆದು ನೋಡಿದಾಗ, ಬಹಳವಾಗಿ ಹೆದರಿದ ಗುಂಪಿನಲ್ಲಿ ನೂರಕ್ಕೆ ೮, ಮಧ್ಯಮವಾಗಿ ಹೆದರಿದ ಗುಂಪಿನಲ್ಲಿ ೨೨, ಹೆದರದ ಗುಂಪಿನಲ್ಲಿ ೩೬ ಎಂಬ ಫಲವು ದೊರೆಯಿತು. ಕಣ್ಣಿನ ಪಾಠವನ್ನು ಕೇಳಿದವರಲ್ಲಿ ಸೊನ್ನೆ. ಸಭೆಯು ತಲೆದೂಗಿತೆಂಬುದರಿಂದ ಉಪನ್ಯಾಸವು ಫಲಿಸಿತೆಂದು ತಿಳಿಯಬಾರದೆಂಬುದನ್ನು ನಮ್ಮಂಥ ಉಪನ್ಯಾಸಕಾರರು ಇದರಿಂದ ಮನಗಾಣಬೇಕು.

ಹೀಗೇಕೆ? ಭಯವು ಮನಸ್ಸಿಗೆ ಒಂದು ನೋವು. ನೋವಿನಿಂದ ತಪ್ಪಿಸಿಕೊಳ್ಳಲು ಮನಸ್ಸಿಗೆ ಎರಡು ದಾರಿಗಳುಂಟು: ನೋವಿನ ಕಾರಣವನ್ನು ತೊಲಗಿಸುವುದೊಂದು, ಅದರ ನೆನಪನ್ನೇ ದೂರಮಾಡುವುದು ಇನ್ನೊಂದು. ಎರಡನೆಯದು ಬಹು ಸುಲಭ. ಕೊಳೆತ ಹಲ್ಲಿನ ಚಿತ್ರವನ್ನು ನೋಡಿದ ಹುಡುಗನಿಗೆ ಬ್ರಷ್ಷನ್ನು ಕಂಡಾಗಲೆಲ್ಲ ಆ ಚಿತ್ರವೇ ಎದುರಿಗೆ ಬಂದರೆ, ಅವನು ಚಿತ್ರದೊಡನೆ ಬ್ರಷ್ಷನ್ನೂ ಮರೆಯಲು ಯತ್ನಿಸುವನು. ಹಾಗೆಂದು ಭಯಕ್ಕೆ ಸ್ಥಳವೇ ಇಲ್ಲವೆಂದು ನಾವು ಹೇಳಲಾರೆವು. ಆಮೇಲಿನ ವಿದ್ವಾಂಸರು, ಭಯದ ಜೊತೆಗೆ ಮಾಡತಕ್ಕ ಕೆಲಸವನ್ನು ಸ್ಪಷ್ಟವಾಗಿ ತೋರಿಸಿಕೊಟ್ಟರೆ ಅದೂ ಫಲಿಸಬಹುದೆಂದು ಕಂಡಿರುವರು. ೧೯೬೫ರಲ್ಲಿ ಹೋವರ್ಡ್ ಲೆವೆಂಥಾಲ್ ಮತ್ತು ಅವರ ಸಂಗಡಿಗರು ಯೇಲ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಿಗೆ ಧನುರ್ವಾಯುವಿನ ಚುಚ್ಚುಮದ್ದಿನ ವಿಷಯವಾಗಿ ತಿಳಿವಳಿಕೆಯನ್ನು ಕೊಟ್ಟರು. ಬರಿಯ ತಿಳಿವಳಿಕೆಯನ್ನೂ ಹೆದರಿಕೆಯನ್ನೂ ಪಡೆದವರಲ್ಲಿ ಚುಚ್ಚಿಸಿಕೊಂಡವರು ನೂರಕ್ಕೆ ಸುಮಾರು ಮೂವರು. ಚಿಕಿತ್ಸಾಲಯವನ್ನು ಗುರುತಿಸಿದ ನಕ್ಷೆಯನ್ನು ಕೈಗಿತ್ತು, ನಿಮ್ಮ ವಾರದ ಕಾರ್ಯಕ್ರಮದಲ್ಲಿ ಯಾವ ವೇಳೆ ಹೋಗುವಿರೆಂದು ಯೋಚಿಸಿಕೊಳ್ಳಿರೆಂದಾಗ ನೂರಕ್ಕೆ ಸುಮಾರು ಇಪ್ಪತ್ತೆಂಟು. ಭಯವು ಹೆಚ್ಚಾಗಿತ್ತೇ ಕಡಿಮೆಯಾಗಿತ್ತೇ ಎಂಬುದು ಅಲ್ಲಿ ಮುಖ್ಯವಾಗಲಿಲ್ಲ. ಎಲ್ಲಿ, ಯಾವಾಗ ಎಂಬೆರಡು ಪ್ರಶ್ನೆಗಳಿಗೆ ಉತ್ತರವು ಮೊದಲೇ ಸಿದ್ಧವಾಗಿತ್ತೇ ಎಂಬುದೇ ಮುಖ್ಯವಾಯಿತು.

ಭಯಕ್ಕಿಂತಲೂ ಕೆಟ್ಟದ್ದು ನಾಚಿಕೆ. ಈ ಮಾತನ್ನು ನಾವು ಪುಸ್ತಕದಿಂದ ಕಲಿತವರಲ್ಲ. ಪಾವಗಡದ ಕಡೆಯ ಒಂದು ಹಳ್ಳಿಯ ಶಾಲೆಯಲ್ಲಿ ನಾವು ಕೆಲಸದಲ್ಲಿದ್ದಾಗ, ಆರೋಗ್ಯದ ಮೇಲೆ ಭಾಷಣಮಾಡಲು ಒಬ್ಬ ಮಹನೀಯರು ಬಂದಿದ್ದರು. ಮಕ್ಕಳ ಬಾಯಿಗಳನ್ನು ಒಂದೊಂದಾಗಿ ನೋಡುತ್ತ ಬಂದವರು ಏಳನೆಯ ತರಗತಿಯ ಒಬ್ಬ ಹುಡುಗಿಯ ಮುಂದೆ ನಿಂತರು. ಅವಳ ಮುಂಹಲ್ಲುಗಳ ಮೇಲೆ ಕಂದುಬಣ್ಣದ ಪಟ್ಟೆಗಳಿದ್ದುವು. ಅವಳನ್ನು ಬೆಂಚಿನ ಮೇಲೆ ನಿಲ್ಲಿಸಿ, ಹಲ್ಲುಜ್ಜದಿದ್ದರೆ ಹೀಗಾಗುವುದೆಂದು ತರಗತಿಗೆಲ್ಲ ತೋರಿಸಿದರು. ಮಕ್ಕಳು ನಕ್ಕರು. ಪ್ರಾರ್ಥನೆಯಲ್ಲಿ ಮೊದಲ ದನಿ ಯಾವಾಗಲೂ ಆ ಹುಡುಗಿಯದು. ಮರುದಿನದಿಂದ ಅದು ಕೇಳಿಸದಾಯಿತು. ಕೆಲವು ದಿನಗಳ ಮೇಲೆ ಅವಳ ತಾಯಿಯು ಬಂದು, ಹುಡುಗಿಯು ಇಟ್ಟಿಗೆಯ ಪುಡಿಯನ್ನು ಹಾಕಿಕೊಂಡು ವಸಡಿನಲ್ಲಿ ರಕ್ತ ಬರುವವರೆಗೂ ಹಲ್ಲುಗಳನ್ನು ತಿಕ್ಕುವಳೆಂದೂ ಎಷ್ಟು ಹೇಳಿದರೂ ಬಿಡಳೆಂದೂ ದುಃಖಿಸಿದಳು.

ಆ ಪಟ್ಟೆಗಳಿಗೆ ಕಾರಣವು ಅವಳ ಸೋಮಾರಿತನವಲ್ಲ, ಅವಳು ಹುಟ್ಟಿದಂದಿನಿಂದ ಕುಡಿದ ನೀರು. ಪಾವಗಡ, ಬಾಗೇಪಲ್ಲಿ, ಕೋಲಾರ, ರಾಯಚೂರು ಮೊದಲಾದ ಕಡೆಗಳ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಎಂಬ ಲವಣವು ಲೀಟರಿಗೆ ೧.೫ ಮಿಲಿಗ್ರಾಮಿನ ಮಿತಿಯನ್ನು ಮೀರಿರುವುದು. ಹಲ್ಲುಗಳು ದವಡೆಯೊಳಗೆ ರೂಪುಗೊಳ್ಳುತ್ತಿರುವ ಎಳೆಯ ವಯಸ್ಸಿನಲ್ಲಿ ಇಂಥ ನೀರನ್ನು ಕುಡಿದರೆ, ಹಲ್ಲಿನ ಹೊರಪದರದಲ್ಲಿಯೇ ಕಲೆಗಳು ನೆಲೆಗೊಳ್ಳುವುವು. ಉಜ್ಜಿದರೆ ಅವು ಹೋಗುವುದಿಲ್ಲ. ಉಜ್ಜದಿದ್ದುದರಿಂದ ಅವು ಬಂದುವೂ ಅಲ್ಲ. ಅದೇ ಬಾವಿಯ ನೀರನ್ನು ಕುಡಿಯುತ್ತಿದ್ದ ಅವಳ ತಮ್ಮಂದಿರನ್ನೂ ನೆರೆಮನೆಯ ಮಕ್ಕಳನ್ನೂ ಕರೆಯಿಸಿ, ಎಲ್ಲರ ಹಲ್ಲುಗಳಲ್ಲಿಯೂ ಆ ಪಟ್ಟೆಗಳೇ ಇರುವುದನ್ನು ತೋರಿಸಿ, ತರಗತಿಗೆ ಇದನ್ನೆಲ್ಲ ನಾವು ವಿವರಿಸಿದೆವು. ಮಕ್ಕಳಿಗೆ ಅರ್ಥವಾಯಿತು. ಆದರೆ ಆ ಹುಡುಗಿಯು ಶಾಲೆಯನ್ನು ಬಿಡುವವರೆಗೂ ಬಾಯಿಗೆ ಕೈಯನ್ನು ಅಡ್ಡವಿಟ್ಟುಕೊಂಡೇ ನಗುತ್ತಿದ್ದಳು. ಹಲ್ಲುಗಳ ಮೂಲಕ ಮಗುವಿನ ಅಭಿಮಾನಕ್ಕೆ ಪೆಟ್ಟು ಕೊಟ್ಟವರು ಆ ಮಗುವಿನ ಹಲ್ಲಿಗೂ ಉಪಕಾರಮಾಡಿದವರಲ್ಲ.

ಹಾಗಾದರೆ ಯಾವುದು ಫಲಿಸುವುದು? ಇದಕ್ಕೆ ಉತ್ತರವು ವಾಚಕಿಯ ಪತ್ರದಲ್ಲಿಯೇ ಅಡಗಿದೆ. ಹುಡುಗನು ಬೆಳಗ್ಗೆ ಉಜ್ಜುವನು, ರಾತ್ರಿ ಉಜ್ಜನು. ಹುಡುಗನು ಒಬ್ಬನೇ, ಹಲ್ಲುಗಳೂ ಅವೇ, ಬ್ರಷ್ಷೂ ಅದೇ. ಬೆಳಗಿಗೆ ಇದ್ದು ರಾತ್ರಿಗೆ ಇಲ್ಲದಿರುವುದೇನು? ನಮ್ಮ ಸೀಮೆಯ ಯಾವ ಗೃಹಿಣಿಯಾದರೂ ಇದಕ್ಕೆ ಒಂದೇ ಮಾತಿನಲ್ಲಿ ಉತ್ತರ ಹೇಳಬಲ್ಲಳು: ಕಾಫಿ! ‘ಮುಖ ತೊಳೆಯದೆ ಕಾಫಿಯಿಲ್ಲ’ ಎಂಬುದು ನಮ್ಮ ಮನೆಗಳ ಅಲಿಖಿತ ಶಾಸನ. ಮಕ್ಕಳಿಗೆ ಕಾಫಿಯ ಬದಲು ಹಾಲೋ ರಾಗಿಯ ಮಾಲ್ಟೋ ಇರಬಹುದು, ಶಾಸನ ಒಂದೇ. ಹಾಸಿಗೆಯಿಂದ ಏಳುವುದು ಸೂಚನೆ, ಹಲ್ಲುಜ್ಜುವುದು ಕ್ರಿಯೆ, ಬಿಸಿಬಿಸಿಯಾದ ಲೋಟವು ಫಲ. ಈ ಮೂರೂ ಒಂದೇ ಸರಪಣಿಯ ಕೊಂಡಿಗಳಾಗಿ ದಿನದಿನವೂ ಅದೇ ಕ್ರಮದಲ್ಲಿ ಬರುವುದರಿಂದ, ಉಜ್ಜಬೇಕೇ ಬೇಡವೇ ಎಂಬ ವಿಚಾರವೇ ಏಳುವುದಿಲ್ಲ. ಕೈಯು ತಾನಾಗಿ ಬ್ರಷ್ಷಿನ ಕಡೆಗೆ ಹೋಗುವುದು. ಮನಶ್ಶಾಸ್ತ್ರಜ್ಞರು ಅಭ್ಯಾಸವೆನ್ನುವುದು ಇದನ್ನೇ. ರಾತ್ರಿಯ ಹಲ್ಲುಜ್ಜುವಿಕೆಗೆ ಹಿಂದೆ ಸೂಚನೆಯೂ ಇಲ್ಲ, ಮುಂದೆ ಕಾಫಿಯೂ ಇಲ್ಲ. ಅದು ಉಪದೇಶದ ಬಲವೊಂದರಿಂದಲೇ ನಿಲ್ಲಬೇಕಾಗಿದೆ, ಆದುದರಿಂದಲೇ ಬಿದ್ದುಹೋಗುವುದು.

ವ್ಯಾಪಾರಿಗಳಿಗೆ ಈ ರಹಸ್ಯವು ಬಹಳ ಹಿಂದೆಯೇ ತಿಳಿದಿತ್ತು. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಲ್ಲಿ ಅಮೆರಿಕದ ಕ್ಲಾಡ್ ಹಾಪ್ಕಿನ್ಸ್ ಎಂಬ ಜಾಹೀರಾತುಗಾರನು ಪೆಪ್ಸೊಡೆಂಟ್ ಎಂಬ ಪೇಸ್ಟನ್ನು ಮಾರಲು ಹೊರಟಾಗ, ಹುಳುಕಿನ ಭಯವನ್ನೇ ಮುಂದಿಡಲಿಲ್ಲ. ನಾಲಗೆಯನ್ನು ಹಲ್ಲಿನ ಮೇಲೆ ಸವರಿ ನೋಡಿರಿ, ಅಲ್ಲೊಂದು ಪೊರೆಯಂಥದು ತೋರುವುದು, ಅದೇ ಹಲ್ಲಿನ ಅಂದವನ್ನು ಕೆಡಿಸುವುದೆಂದು ಪ್ರಚಾರಮಾಡಿದನು. ಪೊರೆಯು ಯಾರ ಬಾಯಲ್ಲಿಯಾದರೂ ಇದ್ದೇ ಇರುವುದರಿಂದ, ನಾಲಗೆಯಾಡಿಸಿದವರಿಗೆಲ್ಲ ಸೂಚನೆಯು ಸಿಕ್ಕಿತು. ಉಜ್ಜಿದ ಮೇಲೆ ಬಾಯಲ್ಲಿ ನಿಲ್ಲುವ ತಂಪು ಚುರುಕು ಫಲವಾಯಿತು. ತನ್ನ ಈ ವೃತ್ತಿಯ ವೃತ್ತಾಂತವನ್ನು ಆತನೇ ೧೯೨೭ರಲ್ಲಿ ಪುಸ್ತಕವಾಗಿ ಬರೆದಿರುವನು. ತಂಪಿನಿಂದಾಗಲಿ ನೊರೆಯಿಂದಾಗಲಿ ಹಲ್ಲು ಶುದ್ಧವಾಗುವುದಿಲ್ಲ. ಶುದ್ಧಮಾಡುವುದು ಮುಖ್ಯವಾಗಿ ಬ್ರಷ್ಷಿನ ಎಳೆಗಳು, ರಕ್ಷಿಸುವುದು ಪೇಸ್ಟಿನ ಫ್ಲೋರೈಡ್. ಆದರೆ ಕೆಲಸವು ಮುಗಿಯಿತೆಂಬ ತೃಪ್ತಿಯನ್ನು ಮನಸ್ಸಿಗೆ ಕೊಡುವುದು ಆ ತಂಪೇ. ಬೇವಿನ ಕಡ್ಡಿಯ ಕಹಿಯೂ, ನಂಜನಗೂಡಿನ ಹಲ್ಲುಪುಡಿಯ ಒಗರೂ ನಮ್ಮ ಹಿರಿಯರ ಪಾಲಿಗೆ ಅದೇ ಕೆಲಸವನ್ನು ಮಾಡುತ್ತಿದ್ದುವು. ಆ ರುಚಿ ಬಾಯಿಗೆ ಬಾರದೆ ಬೆಳಗಾಯಿತೆಂದೇ ಅವರಿಗೆ ಅನಿಸುತ್ತಿರಲಿಲ್ಲ.

ನಮ್ಮ ಪ್ರಾಚೀನರ ಮಾತು ಬಂದುದರಿಂದ ಇಲ್ಲಿ ಸ್ವಲ್ಪ ನಿಲ್ಲೋಣ. ಸಂಸ್ಕೃತವನ್ನೋದಿದ ಮೇಷ್ಟರಿಗೆ ಇಷ್ಟು ಸ್ವಾತಂತ್ರ್ಯವನ್ನು ವಾಚಕರು ಕೊಡುವರೆಂದು ನಂಬಿದ್ದೇವೆ. ರಾತ್ರಿ ಹಲ್ಲುಜ್ಜುವುದು ಪಾಶ್ಚಾತ್ಯರ ಪದ್ಧತಿಯೆಂದು ತಿಳಿದಿರುವವರು ಚರಕಸಂಹಿತೆಯನ್ನು ನೋಡಬೇಕು. ಅಲ್ಲಿ ದಂತಧಾವನಕ್ಕೆ ದಿನಕ್ಕೆ ಎರಡು ಕಾಲಗಳನ್ನು ವಿಧಿಸಿದೆ. ವಾಗ್ಭಟನ ಅಷ್ಟಾಂಗಹೃದಯವು ಇನ್ನೂ ಸ್ಪಷ್ಟ: ಬೆಳಗ್ಗೆ ಒಮ್ಮೆ, ಊಟವಾದ ಮೇಲೆ ಒಮ್ಮೆ. ಕಡ್ಡಿಯ ತುದಿಯು ಮೆತ್ತಗಿರಬೇಕು, ವಸಡಿಗೆ ನೋವಾಗಬಾರದು ಎಂಬ ಎಚ್ಚರಿಕೆಯೂ ಅಲ್ಲಿದೆ. ಸುಶ್ರುತನು ಹನ್ನೆರಡು ಅಂಗುಲದ ಉದ್ದವನ್ನೂ ಕಿರುಬೆರಳಿನ ದಪ್ಪವನ್ನೂ ಹೇಳಿ, ಕಹಿರಸದ ಕಡ್ಡಿಗಳಲ್ಲಿ ಬೇವನ್ನೇ ಶ್ರೇಷ್ಠವೆನ್ನುವನು.

ಆದರೆ ನಮ್ಮನ್ನು ಹೆಚ್ಚಾಗಿ ಆಶ್ಚರ್ಯಗೊಳಿಸಿದ್ದು ವೈದ್ಯಶಾಸ್ತ್ರವಲ್ಲ, ಧರ್ಮಶಾಸ್ತ್ರ. ಅಮಾವಾಸ್ಯೆ, ಪಾಡ್ಯ, ಷಷ್ಠಿ, ನವಮಿ ಮೊದಲಾದ ಕೆಲವು ತಿಥಿಗಳಲ್ಲಿ ಕಡ್ಡಿಯಿಂದ ಹಲ್ಲುಜ್ಜಬಾರದೆಂದು ಸ್ಮೃತಿಕಾರರು ನಿಷೇಧಿಸಿರುವರು. ನಿಷೇಧದ ಕಾರಣ ಏನಾದರೂ ಆಗಿರಲಿ, ಅದನ್ನು ಇಂದು ಯಾರೂ ಅನುಸರಿಸಬೇಕೆಂದು ನಾವು ಹೇಳುತ್ತಿಲ್ಲ. ಅವರ ಜಾಣ್ಮೆಯನ್ನು ನೋಡಿರಿ! ಆ ದಿನಗಳಲ್ಲಿ ಸುಮ್ಮನೆ ಬಿಟ್ಟುಬಿಡಿರೆಂದು ಹೇಳಲಿಲ್ಲ. ಹನ್ನೆರಡು ಸಲ ನೀರಿನಿಂದ ಬಾಯಿ ಮುಕ್ಕಳಿಸಿರೆಂದು ವಿಧಿಸಿದರು. ಕ್ರಿಯೆಯು ಬದಲಾಯಿತು, ಅದರ ಸ್ಥಾನವು ಬರಿದಾಗಲಿಲ್ಲ. ಹೊತ್ತಿಗೆ ಸರಿಯಾಗಿ ಬಚ್ಚಲಿಗೆ ಹೋಗುವ ಅಭ್ಯಾಸಕ್ಕೆ ಒಂದು ದಿನವೂ ಬಿರುಕು ಬೀಳಗೊಡಲಿಲ್ಲ. ಪ್ರಯಾಣದಲ್ಲಿ ಬ್ರಷ್ಷನ್ನು ಮರೆತುಬಂದ ಕುಟುಂಬಗಳು ಇದನ್ನು ಅನುಸರಿಸಬಹುದು. ಬರಿಯ ನೀರಿನಿಂದಲಾದರೂ ಹೊತ್ತಿಗೆ ಸರಿಯಾಗಿ ಮಗುವಿನ ಬಾಯನ್ನು ಮುಕ್ಕಳಿಸಿ ಮಲಗಿಸಬಹುದು.

ಹೊಸ ಅಭ್ಯಾಸವು ನೆಲೆಯೂರಲು ಎಷ್ಟು ದಿನ ಬೇಕು? ಇಪ್ಪತ್ತೊಂದು ದಿನಗಳೆಂಬ ಮಾತು ಎಲ್ಲೆಲ್ಲಿಯೂ ಕೇಳಿಬರುತ್ತಿದೆ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನ ಫಿಲಿಪಾ ಲ್ಯಾಲಿ ಎಂಬ ವಿದುಷಿಯೂ ಅವರ ಸಂಗಡಿಗರೂ ೨೦೧೦ರಲ್ಲಿ ಪ್ರಕಟಿಸಿದ ಪರಿಶೋಧನೆಯು ಬೇರೆಯದನ್ನೇ ಹೇಳುವುದು. ತೊಂಬತ್ತಾರು ಮಂದಿಯು ಆಹಾರಪಾನಗಳಿಗೋ ವ್ಯಾಯಾಮಕ್ಕೋ ಸಂಬಂಧಿಸಿದ ಒಂದೊಂದು ಹೊಸ ರೂಢಿಯನ್ನು ಹಿಡಿದು, ದಿನವೂ ಒಂದೇ ಸಂದರ್ಭದಲ್ಲಿ ನಡೆಸಿದರು. ಅದು ತಾನಾಗಿ ನಡೆಯುವ ಮಟ್ಟಕ್ಕೆ ಬರಲು ಹಿಡಿದ ಕಾಲದ ಮಧ್ಯಮಾನ ೬೬ ದಿನಗಳು. ಒಬ್ಬರಿಗೆ ೧೮, ಇನ್ನೊಬ್ಬರಿಗೆ ಲೆಕ್ಕದ ಪ್ರಕಾರ ೨೫೪! ನೆರೆಮನೆಯ ಮಗುವು ಹದಿನೈದೇ ದಿನಗಳಲ್ಲಿ ಕಲಿಯಿತೆಂದು ನಮ್ಮ ಮಗುವನ್ನು ಹಳಿಯುವವರು ಈ ಅಂತರವನ್ನು ಗಮನಿಸಬೇಕು. ಆ ಪರಿಶೋಧನೆಯ ಇನ್ನೊಂದು ಮಾತು ತಾಯಂದಿರಿಗೆ ನೆಮ್ಮದಿಯನ್ನು ಕೊಡತಕ್ಕದ್ದು: ನಡುವೆ ಒಂದು ದಿನ ತಪ್ಪಿದುದರಿಂದ ಹಿಂದಿನ ಶ್ರಮವೆಲ್ಲ ವ್ಯರ್ಥವಾಗಲಿಲ್ಲ. ಮದುವೆಮನೆಯಿಂದ ನಡುರಾತ್ರಿಯಲ್ಲಿ ಹಿಂದಿರುಗಿ, ಹೆಗಲ ಮೇಲೆ ನಿದ್ದೆಹೋದ ಮಗುವನ್ನು ಎಬ್ಬಿಸಿ ಅಳಿಸಬೇಕಾದುದಿಲ್ಲ. ಮರುದಿನ ತಪ್ಪದಿದ್ದರೆ ಸಾಕು.

ಈಗ ರಾತ್ರಿಯ ವಿಷಯ. ರಾತ್ರಿಯೇ ಏಕೆ ಮುಖ್ಯವೆಂದರೆ, ಹಲ್ಲಿನ ಮೇಲೆ ಕಟ್ಟುವ ಪಾಚಿಯಲ್ಲಿರುವ ಸೂಕ್ಷ್ಮಜೀವಿಗಳು ಸಕ್ಕರೆಯನ್ನು ತಿಂದು ಆಮ್ಲವನ್ನು ಮಾಡುವುವು. ಆ ಆಮ್ಲವೇ ಹಲ್ಲನ್ನು ಕೊರೆಯುವುದು. ಹಗಲಿನಲ್ಲಿ ಎಂಜಲು ಹರಿಯುತ್ತಿದ್ದು ಆಮ್ಲವನ್ನು ತೊಳೆದು ಶಮನಗೊಳಿಸುವುದು. ನಿದ್ದೆಯಲ್ಲಿ ಎಂಜಲು ಬಹಳ ಕಡಿಮೆಯಾಗುವುದರಿಂದ, ಮಲಗುವಾಗ ಬಾಯಲ್ಲಿ ನಿಂತ ಸಕ್ಕರೆಯ ಹಾಲಿಗೆ ಕೇಳುವವರೇ ಇಲ್ಲವಾಗುವುದು. ಆದುದರಿಂದ ಹಾಲನ್ನು ಬಿಡಿಸುವುದು ಬೇಡ, ಅದರ ಸ್ಥಳವನ್ನು ಬದಲಾಯಿಸುವುದೇ ಸಾಕು. ಹಾಲು ಅಡಿಗೆಮನೆಯಲ್ಲಿ, ಊಟವಾದ ಕೂಡಲೆ. ಸಕ್ಕರೆಯನ್ನು ವಾರವಾರಕ್ಕೆ ಸ್ವಲ್ಪಸ್ವಲ್ಪವಾಗಿ ಕಡಿಮೆಮಾಡುತ್ತ ಬರಬಹುದು. ಹಾಲಿನ ಲೋಟವನ್ನು ಕೆಳಗಿಟ್ಟದ್ದೇ ಬಚ್ಚಲಿಗೆ ಹೋಗುವ ಸೂಚನೆಯಾಗಲಿ. ಲಂಡನ್ನಿನಲ್ಲಿ ೨೦೧೩ರಲ್ಲಿ ಪ್ರಕಟವಾದ ಮತ್ತೊಂದು ಸಣ್ಣ ಪರಿಶೋಧನೆಯು ಇಲ್ಲಿ ಉಪಯೋಗಕ್ಕೆ ಬರುವುದು. ಹಲ್ಲುಸಂದುಗಳನ್ನು ದಾರದಿಂದ ಶುದ್ಧಮಾಡುವುದನ್ನು ಐವತ್ತು ಮಂದಿಗೆ ರೂಢಿಮಾಡಿಸುವಾಗ, ಅರ್ಧ ಮಂದಿಗೆ ಬ್ರಷ್ಷಿಗಿಂತ ಮೊದಲೂ ಉಳಿದವರಿಗೆ ಬ್ರಷ್ಷಿನ ಅನಂತರವೂ ದಾರವನ್ನು ಬಳಸಲು ಹೇಳಿದರು. ಕೆಲವು ತಿಂಗಳ ಮೇಲೆ ನೋಡಿದಾಗ, ಅನಂತರ ಬಳಸಿದವರಲ್ಲಿಯೇ ರೂಢಿಯು ಹೆಚ್ಚು ಬಲವಾಗಿ ನಿಂತಂತೆ ಕಂಡಿತು. ಮುಗಿದ ಹಳೆಯ ಕೆಲಸವು ಹೊಸ ಕೆಲಸಕ್ಕೆ ಬಾಗಿಲು ತೆರೆಯುವುದು. ಇನ್ನೂ ಮಾಡಬೇಕಾದ ಕೆಲಸವು ಹಾಗೆ ತೆರೆಯಲಾರದು.

ಇನ್ನು ಫಲ. ಇಲ್ಲಿ ಎಚ್ಚರಿಕೆ ಬೇಕು. ಹಲ್ಲುಜ್ಜಿದರೆ ಚಾಕಲೇಟು ಕೊಡುವೆನೆಂದು ಹೇಳುವ ಮನೆಗಳನ್ನೂ ನಾವು ನೋಡಿದ್ದೇವೆ. ಅದು ಮನೆಯ ಕಸವನ್ನು ಗುಡಿಸಿದವನಿಗೆ ಒಂದು ಬುಟ್ಟಿ ಕಸವನ್ನು ಬಹುಮಾನವಾಗಿ ಕೊಟ್ಟಂತೆ. ಚಾಕಲೇಟಿನ ಮಾತು ಹಾಗಿರಲಿ, ಬಹುಮಾನವೆಂಬುದೇ ಎರಡಲುಗಿನ ಕತ್ತಿ. ೧೯೭೩ರಲ್ಲಿ ಅಮೆರಿಕದ ಮಾರ್ಕ್ ಲೆಪ್ಪರ್ ಮೊದಲಾದವರು, ಚಿತ್ರ ಬರೆಯುವುದರಲ್ಲಿ ಆಗಲೇ ಆಸಕ್ತಿಯಿದ್ದ ಶಿಶುವಿಹಾರದ ಮಕ್ಕಳಿಗೆ, ಬರೆದರೆ ಪದಕದಂಥ ಒಂದು ಬಹುಮಾನವನ್ನು ಕೊಡುವೆವೆಂದು ಮುಂದಾಗಿ ಹೇಳಿ ಬರೆಯಿಸಿದರು. ಆಮೇಲೆ ಬಹುಮಾನವಿಲ್ಲದ ದಿನಗಳಲ್ಲಿ ಆ ಮಕ್ಕಳು ಮೊದಲಿಗಿಂತ ಕಡಿಮೆ ಬರೆಯತೊಡಗಿದರು. ಬಹುಮಾನದ ಹೆಸರು ಹೇಳದಿದ್ದ ಮಕ್ಕಳಲ್ಲಿ ಈ ವಿಕಾರವು ಕಾಣಲಿಲ್ಲ. ಹಲ್ಲುಜ್ಜುವುದರಲ್ಲಿ ಮಗುವಿಗೆ ಮೊದಲೇ ಆಸಕ್ತಿ ಇರುವುದಿಲ್ಲವಾದುದರಿಂದ ಎರಡೂ ಪೂರ್ತಿ ಸಮಾನವಲ್ಲ. ಆದರೂ ಫಲವು ಕೂಲಿಯಂತೆ ಕಾಣದಿರುವುದು ಮೇಲು. ಬೆಳಗಿನ ಕಾಫಿಯು ಕೂಲಿಯಲ್ಲ. ಅದು ಮುಂದಿನ ಕೊಂಡಿ, ಅಷ್ಟೆ. ರಾತ್ರಿಯ ಸರಪಣಿಗೂ ಅಂಥದೊಂದು ಕೊಂಡಿ ಬೇಕು. ನಮ್ಮ ಮನೆಗಳಲ್ಲಿ ಅದು ಸಿದ್ಧವಾಗಿಯೇ ಇದೆ: ಕಥೆ. ಹಲ್ಲುಜ್ಜಿದ ಮೇಲೆ ಹಾಸಿಗೆ, ಹಾಸಿಗೆಯ ಮೇಲೆ ಅಜ್ಜಿಯ ಕಥೆ. ಹಾಲಿನ ಅಧಿಕಾರವನ್ನು ಕಳೆದುಕೊಂಡ ಅಜ್ಜಿಯವರಿಗೆ ಕಥೆಯ ಅಧಿಕಾರವು ದೊರೆತರೆ ಅವರ ಪಕ್ಷವೂ ಕರಗೀತು. ಕಥೆಯನ್ನು ಮಾತ್ರ ಶಿಕ್ಷೆಯಾಗಿ ತಪ್ಪಿಸಬಾರದು. ಕ್ರಮವು ಹೀಗೆಯೇ ಎಂಬಂತೆ ಸಹಜವಾಗಿ ನಡೆಯಲಿ.

ತಂದೆಯವರಿಗೂ ಒಂದು ಕೆಲಸವುಂಟು. ಅವರು ರಾತ್ರಿ ಹಲ್ಲುಜ್ಜುವರೇ ಎಂಬ ವಿಷಯವನ್ನು ನಮ್ಮ ವಾಚಕಿಯು ಪತ್ರದಲ್ಲಿ ಬರೆದಿಲ್ಲ. ಬರೆಯದಿರುವುದಕ್ಕೆ ಕಾರಣವನ್ನು ಊಹಿಸುವ ಧೈರ್ಯವನ್ನು ನಾವು ಮಾಡುವುದಿಲ್ಲ. ಮಕ್ಕಳು ಕಿವಿಯಿಂದ ಕಲಿಯುವುದಕ್ಕಿಂತ ಕಣ್ಣಿನಿಂದ ಕಲಿಯುವುದೇ ಹೆಚ್ಚು. ಸ್ಕಾಟ್ಲೆಂಡಿನ ಶಿಶುವಿಹಾರಗಳಲ್ಲಿ ಮಕ್ಕಳೆಲ್ಲರೂ ಪ್ರತಿದಿನವೂ ಒಟ್ಟಿಗೆ ಕುಳಿತು, ಉಪಾಧ್ಯಾಯಿನಿಯರ ಕಣ್ಣೆದುರಿಗೆ ಹಲ್ಲುಜ್ಜುವ ಏರ್ಪಾಡನ್ನು ಸರ್ಕಾರದವರೇ ಮಾಡಿರುವರು. ನೆರೆಯ ಮಗುವಿನ ಕೈಯಲ್ಲಿ ಬ್ರಷ್ಷನ್ನು ಕಂಡ ಮಗುವಿಗೆ ಉಪದೇಶವು ಬೇಕಾಗದು. ಮನೆಯಲ್ಲಿ ಆ ನೆರೆಯವರು ತಂದೆಯೇ ಆಗಬೇಕು. ಇಬ್ಬರೂ ಕನ್ನಡಿಯ ಮುಂದೆ ನಿಂತು ಎರಡು ನಿಮಿಷ ಉಜ್ಜಲಿ. ಮೊದಲು ಹುಡುಗನೇ ಉಜ್ಜಿಕೊಳ್ಳಲಿ, ಆಮೇಲೆ ತಂದೆಯು ಹಿಂದೆ ನಿಂತು, ಗಲ್ಲವನ್ನು ಮೆಲ್ಲನೆ ಎತ್ತಿಹಿಡಿದು, ಆ ಹೊಸ ದವಡೆಹಲ್ಲಿನವರೆಗೂ ಬ್ರಷ್ಷನ್ನು ಕೊಂಡೊಯ್ಯಲಿ. ಏಳೆಂಟು ವರ್ಷವಾಗುವವರೆಗೆ ಮಗುವಿನ ಕೈಗೆ ಅಷ್ಟು ಹದವು ಬರುವುದಿಲ್ಲ. ಪೇಸ್ಟು ಬಟಾಣಿಯ ಕಾಳಿನಷ್ಟಿದ್ದರೆ ಸಾಕು. ಅದನ್ನು ನುಂಗದೆ ಉಗುಳುವುದನ್ನು ಕಲಿಸಬೇಕು. ಉಗುಳಿದ ಮೇಲೆ ನೀರಿನಿಂದ ಬಹಳವಾಗಿ ಮುಕ್ಕಳಿಸದಿದ್ದರೆ ಫ್ಲೋರೈಡ್ ಹಲ್ಲಿನ ಮೇಲೆ ಸ್ವಲ್ಪಕಾಲ ನಿಲ್ಲುವುದು. ನೀರಿನಲ್ಲಿಯೇ ಫ್ಲೋರೈಡ್ ಹೆಚ್ಚಾಗಿರುವ ಸೀಮೆಯವರು ಮಾತ್ರ ಮಕ್ಕಳ ಪೇಸ್ಟಿನ ವಿಷಯದಲ್ಲಿ ದಂತವೈದ್ಯರನ್ನು ವಿಚಾರಿಸಿಯೇ ನಡೆಯತಕ್ಕದ್ದು.

ತಿಂಡಿಯ ವಿಷಯದಲ್ಲಿ ಸ್ವೀಡನ್ನಿನವರ ಒಂದು ಉಪಾಯವನ್ನು ಹೇಳಬೇಕು. ಅಲ್ಲಿನ ವಿಪೆಹೋಲ್ಮ್ ಎಂಬ ಬುದ್ಧಿಮಾಂದ್ಯರ ಆಸ್ಪತ್ರೆಯಲ್ಲಿ ೧೯೪೦-೫೦ರ ದಶಕಗಳಲ್ಲಿ ರೋಗಿಗಳಿಗೆ ಅಂಟುಮಿಠಾಯಿಗಳನ್ನು ತಿನ್ನಿಸಿ ಹಲ್ಲು ಹುಳುಕಾಗುವುದನ್ನು ಪರೀಕ್ಷಿಸಿದರು. ಒಪ್ಪಿಗೆ ಕೊಡಲಾರದ ದುರ್ಬಲರ ಮೇಲೆ ನಡೆದ ಆ ಕೃತ್ಯವನ್ನು ಅನ್ಯಾಯವೆಂದಲ್ಲದೆ ಬೇರೇನೆಂದೂ ಹೇಳಲಾಗದು. ಊಟಗಳ ನಡುನಡುವೆ ಮತ್ತೆಮತ್ತೆ ತಿನ್ನುವ ಅಂಟಿನ ಸಿಹಿಯೇ ಬಹಳ ಕೆಡುಕನ್ನು ಮಾಡುವುದೆಂದು ಅದರಿಂದ ತಿಳಿದುಬಂದ ಮೇಲೆ, ಆ ದೇಶದವರು ಮಕ್ಕಳಿಗೆ ಸಿಹಿಯನ್ನು ಪೂರ್ತಿಯಾಗಿ ನಿಷೇಧಿಸದೆ, ಅದಕ್ಕೆ ಶನಿವಾರವೊಂದನ್ನು ಗೊತ್ತುಮಾಡಿದರು. ಶನಿವಾರದ ಮಿಠಾಯಿ ಎಂಬುದು ಇಂದಿಗೂ ಅಲ್ಲಿನ ಮನೆಗಳ ರೂಢಿ. ‘ಇಲ್ಲ’ ಎಂಬ ಮಾತಿಗೆ ಹಟಮಾಡುವ ಮಗುವು ‘ಶನಿವಾರ’ ಎಂಬ ಮಾತಿಗೆ ಕಾಯಬಲ್ಲುದು. ನಮ್ಮಲ್ಲಿ ಹಬ್ಬಗಳಿಗೆ ಕೊರತೆಯಿಲ್ಲವಾದುದರಿಂದ ಲೆಕ್ಕವು ಸ್ವಲ್ಪ ಕಠಿನವಾದೀತು!

ಅಜ್ಜಿಯವರ ಹಲ್ಲಿನ ಮಾತು ಉಳಿಯಿತು. ಜಪಾನಿನಲ್ಲಿ ೧೯೮೯ರಲ್ಲಿ ಒಂದು ಚಳವಳಿಯನ್ನು ಆರಂಭಿಸಿದರು. ಎಂಬತ್ತನೆಯ ವಯಸ್ಸಿನಲ್ಲಿ ಇಪ್ಪತ್ತು ಸ್ವಂತ ಹಲ್ಲುಗಳು ಎಂಬುದೇ ಅದರ ಗುರಿ; ‘೮೦೨೦’ ಎಂಬುದೇ ಅದರ ಹೆಸರು. ಬೆದರಿಕೆಯಿಲ್ಲ, ವಸಡಿನ ರೋಗಗಳ ಪಟ್ಟಿಯಿಲ್ಲ. ಯಾರಾದರೂ ನಾಲಗೆಯಿಂದಲೇ ಎಣಿಸಿಕೊಳ್ಳಬಹುದಾದ ಒಂದು ಸಂಖ್ಯೆ. ೨೦೧೬ರ ಗಣತಿಯಲ್ಲಿ ಎಂಬತ್ತರ ಹರೆಯದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ, ನೂರಕ್ಕೆ ೫೧.೨, ಈ ಗುರಿಯನ್ನು ಮುಟ್ಟಿರುವರೆಂದು ತಿಳಿದುಬಂದಿತು. ನಮ್ಮಲ್ಲಿ ಎಲೆಯಡಿಕೆಯ ತಟ್ಟೆಯು ಮಂಚದ ತಲೆದೆಸೆಯಲ್ಲಿಯೇ ಇರುವವರೆಗೆ ಆ ಲೆಕ್ಕವನ್ನು ನಿರೀಕ್ಷಿಸುವುದು ಕಷ್ಟ. ಕಟ್ಟಿಸಿದ ಹಲ್ಲುಸೆಟ್ಟು ಇರುವವರು ರಾತ್ರಿ ಅದನ್ನು ತೆಗೆದು, ಬ್ರಷ್ಷಿನಿಂದ ಉಜ್ಜಿ, ತಣ್ಣೀರಿನ ಬಟ್ಟಲಿನಲ್ಲಿಡತಕ್ಕದ್ದು. ಬಿಸಿನೀರು ಕೂಡದು, ಸೆಟ್ಟಿನ ಆಕಾರವು ಕೆಡುವುದು. ಮೊಮ್ಮಗನು ಬ್ರಷ್ಷನ್ನು ಹಿಡಿದು ನಿಂತಾಗಲೇ ಅಜ್ಜಿಯೂ ಪಕ್ಕದಲ್ಲಿ ಈ ಕೆಲಸವನ್ನು ಮಾಡಿಕೊಂಡರೆ, ಕಥೆಗೆ ಇಬ್ಬರೂ ಒಟ್ಟಿಗೆ ಹೋಗಬಹುದು.